ಅನ್‌ಲಾಕ್ ಆದ ಫೋನಿಗೆ ಫರ್ಮ್‌ವೇರ್ ಅಪ್‌ಡೇಟ್ ಹಾಕುವ ಮುನ್ನ

ಬೂಟ್‌ಲೋಡರ್ (ಫೋನು ಆನ್ ಆದಾಗ ಮೊದಲು ಓಡಿ ಉಳಿದ ಸಾಫ್ಟ್‌ವೇರನ್ನು ಎಬ್ಬಿಸುವ ಪ್ರೋಗ್ರಾಂ) ಅನ್‌ಲಾಕ್ ಮಾಡಿದ ಫೋನಿನಲ್ಲಿ ಹೊಸ ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಕಂಡಾಗ, ಅದನ್ನು ಒತ್ತುವ ಮೊದಲು ಒಂದು ಪ್ರಶ್ನೆಗೆ ಉತ್ತರ ಗೊತ್ತಿರಬೇಕು: ಅಪ್‌ಡೇಟ್ ಹಾಕಿದ ಮೇಲೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ದಾರಿ ಇದೆಯೇ? ಇಂಥ ಫೋನುಗಳಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ಸರಿಪಡಿಸಬಹುದಾದವು. ಫೋನು ಲೋಗೋ ಪರದೆಯನ್ನು ದಾಟದೆ ಮತ್ತೆ ಮತ್ತೆ ಆನ್ ಆಗುತ್ತಿದ್ದರೂ, ರೂಟ್ (ಸಿಸ್ಟಂನ ಮೇಲಿನ ಪೂರ್ಣ ಅಧಿಕಾರ) ಹೊರಟುಹೋಗಿದ್ದರೂ, ಒಂದು ಕಂಪ್ಯೂಟರ್, ಒಂದು ಒಳ್ಳೆಯ ಕೇಬಲ್ ಮತ್ತು ಸರಿಯಾದ ಫೈಲುಗಳಿದ್ದರೆ ಅದನ್ನು ಉಳಿಸಿಕೊಳ್ಳಬಹುದು. ಎರಡು ಹೆಜ್ಜೆಗಳು ಮಾತ್ರ ಹಾಗಲ್ಲ. ಆಂಟಿ-ರೋಲ್‌ಬ್ಯಾಕ್ ಸಂಖ್ಯೆ (ಹಳೆಯ ಆವೃತ್ತಿಗೆ ಮರಳದಂತೆ ತಡೆಯುವ ಎಣಿಕೆ) ಏರಿದ ಫೋನಿಗೆ ಹಳೆಯ ಫರ್ಮ್‌ವೇರ್ (ತಯಾರಕರು ಫೋನಿಗೆ ಹಾಕುವ ಮೂಲ ಸಾಫ್ಟ್‌ವೇರ್) ಹಾಕುವುದು ಒಂದು. ಫೋನಿಗೆ ಹೊಂದದ ಸಾಫ್ಟ್‌ವೇರ್ ಒಳಗಿರುವಾಗಲೇ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡುವುದು ಇನ್ನೊಂದು. ಈ ಎರಡನ್ನು ಅರ್ಥ ಮಾಡಿಕೊಂಡವರು ಉಳಿದ ಕೆಲಸವನ್ನು ಧೈರ್ಯವಾಗಿ ಮಾಡಬಹುದು.

ಅನ್‌ಲಾಕ್ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ: ಒಂದೇ ಜಾಲದ ಸಿಮ್‌ಗೆ ಕಟ್ಟಿಹಾಕಿದ ಬೀಗವನ್ನು ತೆಗೆಸುವುದು. ಹೀಗೆ ಸಿಮ್ ಲಾಕ್ ತೆಗೆಸಿದ ಫೋನಿನ ಅಪಾಯ ಬೇರೆ ಬಗೆಯದು. 2007ರ ಮೊದಲ ಐಫೋನ್ ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ ಜಾಲಕ್ಕೆ ಮಾತ್ರ ಕಟ್ಟಿಹಾಕಿದ ಫೋನಾಗಿತ್ತು. ಅದರ ಮೋಡೆಮ್ (ಜಾಲದೊಂದಿಗೆ ಸಂಪರ್ಕಿಸುವ ಭಾಗ) ಫರ್ಮ್‌ವೇರನ್ನೇ ಬದಲಿಸಿ ಬೇರೆ ಸಿಮ್ ಬಳಸುವ ಉಪಾಯಗಳು ಕೆಲವೇ ವಾರಗಳಲ್ಲಿ ಬಂದವು. ಅಂಥ ಫೋನು ಮುಂದಿನ ಅಪ್‌ಡೇಟ್‌ನಿಂದ ಶಾಶ್ವತವಾಗಿ ಕೆಲಸ ನಿಲ್ಲಿಸಬಹುದು ಎಂದು ಆಪಲ್ ಅದೇ ವರ್ಷದ ಸೆಪ್ಟೆಂಬರ್ 24ರಂದು ಎಚ್ಚರಿಸಿತು. ಮೂರು ದಿನಗಳ ನಂತರ ಬಂದ 1.1.1 ಆವೃತ್ತಿಯನ್ನು ಹಾಕಿಕೊಂಡ ಹಲವರ ಫೋನುಗಳು ನಿಜವಾಗಿಯೂ ನಿರುಪಯುಕ್ತವಾದವು. ಭಾರತಕ್ಕೆ ಐಫೋನ್ ಅಧಿಕೃತವಾಗಿ ಬಂದದ್ದು 2008ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲು ವಿದೇಶದಿಂದ ಬಂಧುಗಳು ತಂದುಕೊಟ್ಟ ಫೋನುಗಳಲ್ಲಿ ಬಹುಪಾಲು ಹೀಗೆ ಸಿಮ್ ಲಾಕ್ ತೆಗೆಸಿದವೇ ಆಗಿದ್ದುದರಿಂದ ಆ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತಿತ್ತು. ಜಾಲದ ಕಂಪನಿಯೇ ಅಧಿಕೃತವಾಗಿ ಲಾಕ್ ತೆಗೆದುಕೊಟ್ಟ ಫೋನಿಗೆ ಈ ಭಯವಿಲ್ಲ. ಇನ್ನು ಮುಂದೆ ಹೇಳುವುದೆಲ್ಲ ಬೂಟ್‌ಲೋಡರ್ ಅನ್‌ಲಾಕ್ ಆದ ಆಂಡ್ರಾಯ್ಡ್ ಫೋನುಗಳನ್ನು ಕುರಿತದ್ದು.

ಅನ್‌ಲಾಕ್ ಆದಾಗ ಬದಲಾಗುವುದೇನು

ಲಾಕ್ ಆಗಿರುವ ಫೋನು ಆನ್ ಆಗುವಾಗ ಪ್ರತಿ ಹಂತವೂ ಮುಂದಿನ ಹಂತದ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ. ತಯಾರಕರ ಸಹಿ ಇಲ್ಲದ ಇಮೇಜ್ (ಫೋನಿಗೆ ಬರೆಯುವ ಸಾಫ್ಟ್‌ವೇರ್ ಫೈಲು) ಇದ್ದರೆ ಅಲ್ಲಿಗೇ ನಿಲ್ಲುತ್ತದೆ. ಅನ್‌ಲಾಕ್ ಮಾಡಿದ ಮೇಲೆ ಫೋನು ಕಿತ್ತಳೆ ಬಣ್ಣದ ಒಂದು ಎಚ್ಚರಿಕೆ ತೋರಿಸಿ ಮುಂದಕ್ಕೆ ಹೋಗಿಬಿಡುತ್ತದೆ. ಈ ಫೈಲು ಈ ಫೋನಿಗೆ ಸೇರಿದ್ದೇ, ಈ ಪ್ರದೇಶದ್ದೇ, ಇದಕ್ಕಿಂತ ಹೊಸದೇ ಎಂದು ನೋಡುವ ಹೊಣೆ ಅಲ್ಲಿಂದಾಚೆಗೆ ಬಹುಮಟ್ಟಿಗೆ ಫೋನಿನ ಒಡೆಯರದು.

ಅಪ್‌ಡೇಟ್ ಎಂದರೆ ಕೇವಲ ಆಂಡ್ರಾಯ್ಡ್‌ನ ಹೊಸ ಆವೃತ್ತಿ ಎಂದು ತಿಳಿಯಬಾರದು. ತಯಾರಕರು ಕಳುಹಿಸುವ ಪೂರ್ಣ ಪ್ಯಾಕೇಜಿನಲ್ಲಿ ಬೂಟ್‌ಲೋಡರ್, ಮೋಡೆಮ್ ಮತ್ತು ಇತರ ಚಿಪ್‌ಗಳ ಫರ್ಮ್‌ವೇರ್ ಕೂಡ ಸೇರಿರುತ್ತವೆ. ಆಂಡ್ರಾಯ್ಡ್ ಭಾಗ ಕೆಟ್ಟರೆ ಮತ್ತೆ ಬರೆಯಬಹುದು. ಬೂಟ್‌ಲೋಡರೇ ಕೆಟ್ಟರೆ ಬರೆಯಲು ಇರುವ ಬಾಗಿಲೇ ಮುಚ್ಚುತ್ತದೆ.

ಮೊದಲು ಪರಿಶೀಲಿಸಬೇಕಾದವು

ಅಪ್‌ಡೇಟ್ ತಾನಾಗಿಯೇ ಇಳಿದು ರಾತ್ರಿ ಫೋನು ರೀಸ್ಟಾರ್ಟ್ ಆಗುವಾಗ ಜಾರಿಯಾಗದಂತೆ, ಸೆಟ್ಟಿಂಗ್ಸ್‌ನ ಡೆವಲಪರ್ ಆಯ್ಕೆಗಳಲ್ಲಿರುವ ಸ್ವಯಂಚಾಲಿತ ಸಿಸ್ಟಂ ಅಪ್‌ಡೇಟ್ ಎಂಬ ಗುಂಡಿಯನ್ನು ಇಂದೇ ಆಫ್ ಮಾಡಿ. ಸಿದ್ಧತೆ ಇಲ್ಲದ ಹೊತ್ತಿನಲ್ಲಿ ಅಪ್‌ಡೇಟ್ ತಾನೇ ನಡೆದುಹೋಗದಂತೆ ತಡೆಯಲು ಇದು ಅಗತ್ಯ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಮಾಡೆಲ್ ಸಂಖ್ಯೆ ಮತ್ತು ಬಿಲ್ಡ್ ಸಂಖ್ಯೆಗಳನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಪೆಟ್ಟಿಗೆಯ ಮೇಲಿನ ಹೆಸರು ಸಾಲದು, ಏಕೆಂದರೆ ಒಂದೇ ಹೆಸರಿನ ಫೋನು ಭಾರತಕ್ಕೆ, ಚೀನಾಕ್ಕೆ, ಯುರೋಪಿಗೆ ಬೇರೆ ಬೇರೆ ರೇಡಿಯೊ ಭಾಗಗಳೊಂದಿಗೆ ತಯಾರಾಗಬಹುದು. ಶಿಯೋಮಿ ಫೋನುಗಳ ಆವೃತ್ತಿಯ ಕೊನೆಯಲ್ಲಿ ಬರುವ ಅಕ್ಷರಗುಚ್ಛದಲ್ಲಿ ಐಎನ್ ಎಂದಿದ್ದರೆ ಭಾರತ, ಸಿಎನ್ ಎಂದಿದ್ದರೆ ಚೀನಾ, ಇಯು ಎಂದಿದ್ದರೆ ಯುರೋಪ್, ಎಂಐ ಎಂದಿದ್ದರೆ ಜಾಗತಿಕ ಆವೃತ್ತಿ. ವಿದೇಶದಿಂದ ತರಿಸಿದ ಅಥವಾ ಸೆಕೆಂಡ್‌ ಹ್ಯಾಂಡ್ ಆಗಿ ಕೊಂಡ ಫೋನಿನಲ್ಲಿ, ಒಳಗಿರುವ ಫರ್ಮ್‌ವೇರ್ ಆ ಯಂತ್ರದ ಮೂಲ ಪ್ರದೇಶದ್ದೇ ಎಂಬುದನ್ನೂ ನೋಡಬೇಕು. ಅಂಗಡಿಯವರು ಭಾಷೆಗಾಗಿ ಬದಲಿಸಿಕೊಟ್ಟಿರುವುದುಂಟು.

ಫೈಲನ್ನು ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಅಲ್ಲಿ ಎಸ್‌ಎಚ್‌ಎ-256 ಮೊತ್ತ (ಫೈಲು ಕೆಟ್ಟಿಲ್ಲವೆಂದು ತಿಳಿಯಲು ಬಳಸುವ ಅಕ್ಷರ-ಅಂಕಿಗಳ ಸಾಲು) ಕೊಟ್ಟಿದ್ದರೆ ಕಂಪ್ಯೂಟರಿನಲ್ಲಿ ಅದನ್ನು ತಾಳೆ ನೋಡಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ (Get-FileHash) ಎಂಬ ಆಜ್ಞೆಯಿದೆ. ಒಂದೇ ಒಂದು ಅಕ್ಷರ ಬೇರೆಯಾಗಿದ್ದರೂ ಆ ಫೈಲನ್ನು ಬಳಸಬೇಡಿ, ಮತ್ತೆ ಇಳಿಸಿಕೊಳ್ಳಿ.

ಆಂಟಿ-ರೋಲ್‌ಬ್ಯಾಕ್

ಹಳೆಯ ಆವೃತ್ತಿಯ ದೋಷವೊಂದನ್ನು ತಯಾರಕರು ಸರಿಪಡಿಸಿದರೂ, ಯಾರಾದರೂ ಆ ಹಳೆಯ ಆವೃತ್ತಿಯನ್ನೇ ಮತ್ತೆ ಹಾಕಿ ದೋಷವನ್ನು ದುರುಪಯೋಗ ಮಾಡಿಕೊಳ್ಳಬಹುದು. ಇದನ್ನು ತಡೆಯಲು ಚಿಪ್‌ನೊಳಗೆ ಒಂದು ಎಣಿಕೆಯನ್ನು ಇಡುತ್ತಾರೆ. ಎಣಿಕೆ ಹೆಚ್ಚಾದ ಫರ್ಮ್‌ವೇರ್ ಒಮ್ಮೆ ಬೂಟ್ ಆದರೆ ಚಿಪ್‌ನ ಫ್ಯೂಸ್ ಶಾಶ್ವತವಾಗಿ ಸುಟ್ಟು, ಹೊಸ ಸಂಖ್ಯೆ ದಾಖಲಾಗುತ್ತದೆ. ಅದಕ್ಕಿಂತ ಕಡಿಮೆ ಸಂಖ್ಯೆಯ ಬೂಟ್‌ಲೋಡರನ್ನು ಆ ಚಿಪ್ ಇನ್ನೆಂದೂ ಒಪ್ಪುವುದಿಲ್ಲ, ಬೂಟ್‌ಲೋಡರ್ ಅನ್‌ಲಾಕ್ ಆಗಿದ್ದರೂ ಒಪ್ಪುವುದಿಲ್ಲ. ಅನ್‌ಲಾಕ್ ಮಾಡಿದ್ದೇನೆ, ಹಾಗಾಗಿ ಯಾವ ಆವೃತ್ತಿಗೆ ಬೇಕಾದರೂ ಹೋಗಬಲ್ಲೆ ಎಂಬ ನಂಬಿಕೆಯಿಂದಲೇ ಎಷ್ಟೋ ಒಳ್ಳೆಯ ಫೋನುಗಳು ಹಾಳಾಗಿವೆ.

2018ರ ಫೆಬ್ರವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದ ರೆಡ್ಮಿ ನೋಟ್ 5 ಪ್ರೊ ಇದಕ್ಕೆ ಸ್ಪಷ್ಟವಾದ ಉದಾಹರಣೆ. ಅದೇ ವರ್ಷ ಬಂದ ಅಪ್‌ಡೇಟ್‌ಗಳು ಈ ಎಣಿಕೆಯನ್ನು 4ಕ್ಕೆ ಏರಿಸಿದವು. ಹೊಸದು ಹಿಡಿಸಲಿಲ್ಲವೆಂದು ಆಂಡ್ರಾಯ್ಡ್ ಭಾಗವನ್ನಷ್ಟೇ ಅಲ್ಲದೆ ಹಳೆಯ ಪೂರ್ಣ ಫರ್ಮ್‌ವೇರನ್ನೇ ಹಾಕಿದವರ ಫೋನುಗಳು ಪರದೆಯನ್ನೂ ಬೆಳಗದೆ ಸತ್ತಂತಾದವು. ಕ್ವಾಲ್‌ಕಾಂ ಚಿಪ್‌ನ ಕೊನೆಯ ಆಸರೆಯಾದ ಇಡಿಎಲ್ ಸ್ಥಿತಿಯಿಂದ ಅವನ್ನು ಎಬ್ಬಿಸಬೇಕೆಂದರೆ ಕಂಪನಿಯ ಅಧಿಕೃತ ಖಾತೆ ಬೇಕು, ಸಾಮಾನ್ಯ ಬಳಕೆದಾರರಿಗೆ ಅದು ಸಿಗುವುದಿಲ್ಲ.

ಶಿಯೋಮಿ ಫೋನಿನಲ್ಲಿ ಸದ್ಯದ ಎಣಿಕೆ ತಿಳಿಯಲು ಫೋನನ್ನು ಫಾಸ್ಟ್‌ಬೂಟ್ (ಕಂಪ್ಯೂಟರಿನಿಂದ ಆಜ್ಞೆ ಪಡೆಯಲು ಬೂಟ್‌ಲೋಡರ್ ಕೊಡುವ) ಸ್ಥಿತಿಗೆ ತಂದು, ಕಂಪ್ಯೂಟರಿನಿಂದ ‘ಫಾಸ್ಟ್‌ಬೂಟ್ ಗೆಟ್‌ವಾರ್ ಆಂಟಿ’ (fastboot getvar anti) ಎಂಬ ಆಜ್ಞೆ ಕೊಡಿ. ಕಂಪನಿಯ ಫಾಸ್ಟ್‌ಬೂಟ್ ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್ ಕೂಡ ಎರಡು ಸಂಖ್ಯೆಗಳನ್ನು ಹೋಲಿಸಿ, ಪ್ಯಾಕೇಜ್ ಹಳೆಯದಾದರೆ ಕೆಲಸ ನಿಲ್ಲಿಸುತ್ತದೆ. ಆ ಪರೀಕ್ಷೆಯ ಸಾಲನ್ನು ಅಳಿಸಿ ಮುಂದುವರಿಯಿರಿ ಎಂಬ ಸಲಹೆ ಎಲ್ಲಿ ಕಂಡರೂ ಪಾಲಿಸಬೇಡಿ. ಆ ಸಾಲು ಇರುವುದೇ ನಿಮ್ಮ ಫೋನನ್ನು ಉಳಿಸಲು. ಸ್ಯಾಮ್‌ಸಂಗ್‌ನಲ್ಲಿ ಲೆಕ್ಕ ಇನ್ನೂ ಸುಲಭ: ಬಿಲ್ಡ್ ಸಂಖ್ಯೆಯ ಕೊನೆಯಿಂದ ಐದನೆಯ ಅಕ್ಷರವೇ ಬೂಟ್‌ಲೋಡರಿನ ಎಣಿಕೆ. ಫೋನಿನಲ್ಲಿ ಅದು 5 ಇದ್ದು, ಇಳಿಸಿಕೊಂಡ ಫೈಲಿನಲ್ಲಿ 4 ಇದ್ದರೆ ಆ ಫೈಲು ಹೋಗುವುದಿಲ್ಲ.

ಗೂಗಲ್‌ನ ಪಿಕ್ಸೆಲ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂಥ ಫೋನುಗಳಲ್ಲಿ ಎ ಮತ್ತು ಬಿ ಎಂಬ ಎರಡು ಸ್ಲಾಟ್‌ಗಳಿರುತ್ತವೆ. ಒಂದರಲ್ಲಿ ಫೋನು ನಡೆಯುತ್ತಿರುವಾಗ ಅಪ್‌ಡೇಟ್ ಇನ್ನೊಂದರಲ್ಲಿ ಕೂರುತ್ತದೆ. 2022ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 13 ಬಂದಾಗ ಪಿಕ್ಸೆಲ್ 6, 6 ಪ್ರೊ ಮತ್ತು 6ಎ ಫೋನುಗಳ ಬೂಟ್‌ಲೋಡರ್ ಎಣಿಕೆ ಏರಿತು, ಆಂಡ್ರಾಯ್ಡ್ 12ಕ್ಕೆ ಮರಳುವ ದಾರಿ ಮುಚ್ಚಿತು. ಈ ಮೂರರಲ್ಲಿ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾದದ್ದು 6ಎ. ಒಂದು ಸ್ಲಾಟ್‌ನಲ್ಲಿ ಹೊಸ ಬೂಟ್‌ಲೋಡರ್, ಇನ್ನೊಂದರಲ್ಲಿ ಹಳೆಯದು ಉಳಿದಿದ್ದಾಗ, ಹೊಸದು ಯಾವುದೋ ಕಾರಣಕ್ಕೆ ಏಳದೆ ಫೋನು ಹಳೆಯ ಸ್ಲಾಟ್‌ಗೆ ಜಾರಿದರೆ ಅದು ಬೂಟ್ ಆಗದೆ ಉಳಿಯುವ ಅಪಾಯವಿತ್ತು. ಪರಿಹಾರವೆಂದರೆ ಹೊಸ ಆವೃತ್ತಿ ಸರಿಯಾಗಿ ಬೂಟ್ ಆದ ಮೇಲೆ ಅದೇ ಆವೃತ್ತಿಯ ಪೂರ್ಣ ಓಟಿಎ (ಫೋನಿಗೆ ಜಾಲದ ಮೂಲಕ ಬರುವ ಅಪ್‌ಡೇಟ್) ಫೈಲನ್ನು ಕಂಪ್ಯೂಟರಿನಿಂದ ಮತ್ತೊಮ್ಮೆ ಸೈಡ್‌ಲೋಡ್ ಮಾಡಿ, ಎರಡನೆಯ ಸ್ಲಾಟ್‌ಗೂ ಹೊಸ ಬೂಟ್‌ಲೋಡರ್ ತಲುಪಿಸುವುದು. ಎಣಿಕೆ ಏರಿಸುವ ಅಪ್‌ಡೇಟ್ ಯಾವ ಪಿಕ್ಸೆಲ್‌ಗೆ ಬಂದರೂ ಈ ಅಭ್ಯಾಸ ಒಳ್ಳೆಯದು.

ಬ್ಯಾಕಪ್

ಇಂದಿನ ಫೋನುಗಳಲ್ಲಿ ದತ್ತಾಂಶ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಅದೇ ಚಿಪ್‌ಗೆ ಬೆಸೆದುಕೊಂಡಿರುತ್ತದೆ. ಆದ್ದರಿಂದ ಫೋನು ಸತ್ತ ಮೇಲೆ ಮೆಮೊರಿಯನ್ನು ಹೊರತೆಗೆದು ಫೋಟೊಗಳನ್ನು ಓದಿಸಿಕೊಳ್ಳೋಣ ಎಂಬ ಆಸೆ ಫಲಿಸದು. ಫೋಟೊ, ಸಂಪರ್ಕ ಸಂಖ್ಯೆಗಳು, ವಾಟ್ಸ್‌ಆ್ಯಪ್ ಬ್ಯಾಕಪ್, ದೃಢೀಕರಣ ಆ್ಯಪ್‌ಗಳ ಕೀಲಿಗಳು, ಇವೆಲ್ಲ ಫೋನಿನ ಹೊರಗೆ ಇರಬೇಕು. ಅದೇ ಫೋನಿನಲ್ಲಿ ಬ್ಯಾಂಕ್ ಮತ್ತು ಯುಪಿಐ ವ್ಯವಹಾರ ನಡೆಸುತ್ತಿದ್ದರೆ, ದತ್ತಾಂಶ ಅಳಿಸಿಹೋದಾಗ ಸಿಮ್‌ನಿಂದ ಎಸ್‌ಎಂಎಸ್ ಕಳುಹಿಸಿ ಮತ್ತೆ ನೋಂದಣಿ ಮಾಡಿಕೊಳ್ಳಬೇಕಾಗುತ್ತದೆ. ಆ ದಿನ ಹಣ ಕಟ್ಟಲು ಬೇರೆ ದಾರಿ ಇಟ್ಟುಕೊಂಡಿರಿ.

ಇದಕ್ಕಿಂತ ಮುಖ್ಯವಾದ, ಹೆಚ್ಚಿನವರು ಬಿಟ್ಟುಬಿಡುವ ಬ್ಯಾಕಪ್ ಒಂದಿದೆ. ಫೋನಿನ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಮತ್ತು ರೇಡಿಯೊ ಹೊಂದಾಣಿಕೆಯ ಮೌಲ್ಯಗಳು ಸ್ಯಾಮ್‌ಸಂಗ್‌ನಲ್ಲಿ ಇಎಫ್‌ಎಸ್, ಕ್ವಾಲ್‌ಕಾಂನಲ್ಲಿ ಮೋಡೆಮ್‌ಎಸ್‌ಟಿ1 ಮತ್ತು ಮೋಡೆಮ್‌ಎಸ್‌ಟಿ2, ಮೀಡಿಯಾಟೆಕ್‌ನಲ್ಲಿ ಎನ್‌ವಿರಾಮ್ ಮತ್ತು ಎನ್‌ವಿಡೇಟಾ ಎಂಬ ಸಣ್ಣ ಪಾರ್ಟಿಷನ್‌ಗಳಲ್ಲಿ (ಮೆಮೊರಿಯ ವಿಭಾಗಗಳಲ್ಲಿ) ಇರುತ್ತವೆ. ಇವು ಪ್ರತಿ ಫೋನಿಗೂ ಬೇರೆ, ಯಾವ ಜಾಲತಾಣದಲ್ಲೂ ಸಿಗುವುದಿಲ್ಲ. ರೂಟ್ ಅಥವಾ ಕಸ್ಟಮ್ ರಿಕವರಿ (ಆಂಡ್ರಾಯ್ಡ್ ಏಳದೆಯೂ ಓಡುವ, ಹೊರಗಿನವರು ಬರೆದ ದುರಸ್ತಿ ಸಾಫ್ಟ್‌ವೇರ್) ಇದ್ದಾಗಲೇ ಇವುಗಳ ಪ್ರತಿ ತೆಗೆದು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. *#06# ಒತ್ತಿ ಬರುವ ಸಂಖ್ಯೆಗಳನ್ನೂ ಬರೆದಿಡಿ. ಐಎಂಇಐ ಕಳೆದುಹೋದರೆ ಬೇರೆ ಫೋನಿನ ಸಂಖ್ಯೆಯನ್ನು ತುಂಬಿಕೊಡುತ್ತೇವೆ ಎನ್ನುವವರಿದ್ದಾರೆ, ಒಪ್ಪಬೇಡಿ. ತಯಾರಕರ ಹೊರತು ಬೇರೆ ಯಾರೇ ಐಎಂಇಐಯನ್ನು ಉದ್ದೇಶಪೂರ್ವಕವಾಗಿ ಬದಲಿಸುವುದು ಕಾನೂನುಬಾಹಿರ ಎಂದು ಕೇಂದ್ರ ಸರ್ಕಾರದ 2017ರ ನಿಯಮಗಳೇ ಹೇಳಿದ್ದವು, ಇಂದಿಗೂ ಅದು ಕಾನೂನುಬಾಹಿರವೇ.

ಹಾಕುವ ಕ್ರಮ

ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಕೇಬಲ್ ಸಡಿಲವಿಲ್ಲದ್ದಾಗಿರಲಿ, ಡೆಸ್ಕ್‌ಟಾಪ್ ಬಳಸುವುದಾದರೆ ಕರೆಂಟ್ ಹೋಗುವ ಹೊತ್ತನ್ನು ತಪ್ಪಿಸಿ ಅಥವಾ ಯುಪಿಎಸ್ ಇಟ್ಟುಕೊಳ್ಳಿ. ಬೂಟ್‌ಲೋಡರ್ ಬರೆಯುತ್ತಿರುವ ಕ್ಷಣದಲ್ಲಿ ಸಂಪರ್ಕ ತಪ್ಪುವುದರಷ್ಟು ಕೆಟ್ಟದ್ದು ಬೇರೊಂದಿಲ್ಲ.

ಬೂಟ್‌ಲೋಡರ್ ಅನ್‌ಲಾಕ್ ಆಗಿದ್ದು ಸಿಸ್ಟಂನಲ್ಲಿ ಏನನ್ನೂ ಬದಲಿಸಿಲ್ಲವಾದರೆ, ಪಿಕ್ಸೆಲ್ ಮತ್ತು ಶಿಯೋಮಿಗಳಲ್ಲಿ ಸಾಮಾನ್ಯವಾಗಿ ಎಂದಿನ ಓಟಿಎ ಅಪ್‌ಡೇಟೇ ಸಾಕು. ಸ್ಯಾಮ್‌ಸಂಗ್‌ನಲ್ಲಿ ಅನಧಿಕೃತ ಇಮೇಜ್ ಒಮ್ಮೆ ಹಾಕಿದ್ದರೆ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಫ್ಯೂಸ್ ಶಾಶ್ವತವಾಗಿ ಸುಟ್ಟಿರುತ್ತದೆ, ಓಟಿಎ ಬರುವುದೂ ನಿಲ್ಲುತ್ತದೆ. ಅಪ್‌ಡೇಟನ್ನು ಓಡಿನ್ ಎಂಬ ಕಂಪ್ಯೂಟರ್ ತಂತ್ರಾಂಶದ ಮೂಲಕವೇ ಹಾಕಬೇಕು. ಅಲ್ಲಿ ಸಿಎಸ್‌ಸಿ (ಪ್ರದೇಶದ ಸೆಟ್ಟಿಂಗ್‌ಗಳ) ಫೈಲು ಆರಿಸಿದರೆ ದತ್ತಾಂಶವೆಲ್ಲ ಅಳಿಯುತ್ತದೆ, ಹೋಮ್-ಸಿಎಸ್‌ಸಿ ಆರಿಸಿದರೆ ಉಳಿಯುತ್ತದೆ. ಪಿಕ್ಸೆಲ್‌ನ ಫ್ಯಾಕ್ಟರಿ ಇಮೇಜ್ ಬಳಸುವವರೂ ಸ್ಕ್ರಿಪ್ಟಿನಲ್ಲಿರುವ ‘-ಡಬ್ಲ್ಯು’ (-w) ಗುರುತನ್ನು ಗಮನಿಸಬೇಕು. ಅದು ಇದ್ದರೆ ದತ್ತಾಂಶ ಅಳಿಯುತ್ತದೆ.

ಮ್ಯಾಜಿಸ್ಕ್ ಎಂಬ ಆ್ಯಪ್‌ನಿಂದ ರೂಟ್ ಮಾಡಿದ ಫೋನಿನಲ್ಲಿ ಕ್ರಮವೇ ಎಲ್ಲ. ಓಟಿಎ ಪ್ಯಾಕೇಜ್ ಈಗಿರುವ ಪಾರ್ಟಿಷನ್‌ಗಳು ಮೂಲದಂತೆಯೇ ಇವೆಯೇ ಎಂದು ಪರೀಕ್ಷಿಸಿ, ಬದಲಾಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ಮೊದಲು ಮ್ಯಾಜಿಸ್ಕ್ ಆ್ಯಪ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿ, ಇಮೇಜ್‌ಗಳನ್ನು ಮರಳಿಸುವ ಆಯ್ಕೆಯನ್ನಷ್ಟೇ ಆರಿಸಿ. ಫೋನನ್ನು ರೀಸ್ಟಾರ್ಟ್ ಮಾಡಬೇಡಿ. ನಂತರ ಸೆಟ್ಟಿಂಗ್ಸ್‌ನಿಂದ ಅಪ್‌ಡೇಟ್ ಹಾಕಿ. ಅದು ರೀಸ್ಟಾರ್ಟ್ ಕೇಳಿದಾಗಲೂ ಒಪ್ಪದೆ ಮ್ಯಾಜಿಸ್ಕ್‌ಗೆ ಮರಳಿ, ನಿಷ್ಕ್ರಿಯ ಸ್ಲಾಟ್‌ಗೆ ಇನ್‌ಸ್ಟಾಲ್ ಮಾಡುವ ಆಯ್ಕೆಯನ್ನು ಒತ್ತಿ, ಆಮೇಲೆ ಅದರಿಂದಲೇ ರೀಸ್ಟಾರ್ಟ್ ಮಾಡಿ. ಇದು ಎರಡು ಸ್ಲಾಟ್‌ಗಳ ಫೋನಿಗೆ ಮಾತ್ರ. ಅಪ್‌ಡೇಟ್‌ಗೂ ಮೊದಲು ಮ್ಯಾಜಿಸ್ಕ್‌ಗೆ ಸೇರಿಸಿದ ಮಾಡ್ಯೂಲ್‌ಗಳನ್ನೆಲ್ಲ (ಸಿಸ್ಟಂ ಬದಲಿಸುವ ಸಣ್ಣ ಜೋಡಣೆಗಳನ್ನು) ನಿಲ್ಲಿಸಿಡುವುದು ನನ್ನ ಖಚಿತ ಸಲಹೆ, ಏಕೆಂದರೆ ಹಳೆಯ ಆವೃತ್ತಿಗಾಗಿ ಬರೆದ ಒಂದು ಮಾಡ್ಯೂಲ್ ಸಾಕು, ಹೊಸ ಆಂಡ್ರಾಯ್ಡ್ ಲೋಗೋದಾಚೆಗೆ ಹೋಗದಿರಲು. ಈಗಿನ ಮತ್ತು ಹೊಸ ಆವೃತ್ತಿಗಳ ಮೂಲ ಬೂಟ್ ಇಮೇಜ್‌ಗಳೆರಡೂ ಕಂಪ್ಯೂಟರಿನಲ್ಲಿ ಸಿದ್ಧವಾಗಿರಲಿ. ಆಂಡ್ರಾಯ್ಡ್ 13ರೊಂದಿಗೇ ಮಾರುಕಟ್ಟೆಗೆ ಬಂದ ಮತ್ತು ಅದರ ನಂತರದ ಫೋನುಗಳಲ್ಲಿ ಸಾಮಾನ್ಯವಾಗಿ ಬೇಕಾಗುವುದು ಇನಿಟ್-ಬೂಟ್ ಇಮೇಜ್. ಲೋಗೋದಲ್ಲಿ ಸಿಕ್ಕಿಕೊಂಡ ಫೋನು ಹೆಚ್ಚಿನ ಸಲ ಆ ಒಂದು ಫೈಲನ್ನು ಫಾಸ್ಟ್‌ಬೂಟ್‌ನಿಂದ ಮರಳಿ ಬರೆದೊಡನೆ ಎದ್ದು ಕೂರುತ್ತದೆ.

ಲಿನಿಯೇಜ್‌ಓಎಸ್‌ನಂಥ ಕಸ್ಟಮ್ ರಾಮ್ (ತಯಾರಕರದಲ್ಲದ ಆಂಡ್ರಾಯ್ಡ್) ಇದ್ದವರು ಅದರದೇ ಅಪ್‌ಡೇಟರ್ ಬಳಸಬೇಕು. ಮೋಡೆಮ್ ಮತ್ತಿತರ ಫರ್ಮ್‌ವೇರ್ ಕೆಲವು ಫೋನುಗಳಲ್ಲಿ ರಾಮ್‌ನ ಜೊತೆ ಬರುವುದಿಲ್ಲ; ಯಾವ ಆವೃತ್ತಿಯ ಫರ್ಮ್‌ವೇರ್ ಮೇಲೆ ಹೊಸ ರಾಮ್ ನಿಲ್ಲುತ್ತದೆ ಎಂಬುದನ್ನು ಆ ಮಾಡೆಲ್‌ನ ಸೂಚನೆಯಲ್ಲಿ ಮೊದಲೇ ಓದಿಕೊಳ್ಳಿ.

ಮತ್ತೆ ಲಾಕ್ ಮಾಡುವುದು

ಹಲವು ಬ್ಯಾಂಕ್ ಆ್ಯಪ್‌ಗಳು ಅನ್‌ಲಾಕ್ ಆದ ಫೋನನ್ನು ನಿರಾಕರಿಸುವುದರಿಂದ, ಅಪ್‌ಡೇಟ್ ಹಾಕಿ ಹಾಗೆಯೇ ಲಾಕ್ ಮಾಡಿಬಿಡೋಣ ಎಂದು ಅನ್ನಿಸುವುದು ಸಹಜ. ರೂಟ್ ಇರುವಾಗ, ಕಸ್ಟಮ್ ರಿಕವರಿ ಇರುವಾಗ ಅಥವಾ ಬೇರೆ ಪ್ರದೇಶದ ಫರ್ಮ್‌ವೇರ್ ಇರುವಾಗ ಲಾಕ್ ಮಾಡಿದರೆ ಫೋನು ಸಹಿ ಪರೀಕ್ಷೆಯಲ್ಲಿ ಸೋತು ನಿಲ್ಲುತ್ತದೆ. ಡೆವಲಪರ್ ಆಯ್ಕೆಗಳಲ್ಲಿರುವ ಓಇಎಂ ಅನ್‌ಲಾಕಿಂಗ್ ಗುಂಡಿಯೂ ಆಫ್ ಆಗಿದ್ದರೆ ಮರಳಿ ಅನ್‌ಲಾಕ್ ಮಾಡಲೂ ಆಗುವುದಿಲ್ಲ. ಚೀನಾದ ಶಿಯೋಮಿ ಯಂತ್ರಕ್ಕೆ ಜಾಗತಿಕ ರಾಮ್ ಹಾಕಿ ಲಾಕ್ ಮಾಡಿದವರಿಗೆ, ಈ ಆವೃತ್ತಿಯನ್ನು ಈ ಫೋನಿನಲ್ಲಿ ಹಾಕಲಾಗದು ಎಂಬ ಸಂದೇಶವೊಂದೇ ಉಳಿಯುತ್ತದೆ. ಫರ್ಮ್‌ವೇರ್ ಬರೆಯಲು ಬಳಸುವ ಶಿಯೋಮಿಯ ಮಿ-ಫ್ಲ್ಯಾಶ್ ತಂತ್ರಾಂಶದ ಕೆಳಸಾಲಿನಲ್ಲಿ ಎಲ್ಲ ಅಳಿಸಿ ಲಾಕ್ ಮಾಡು ಎಂಬ ಆಯ್ಕೆ ಮೊದಲೇ ಆರಿಸಲ್ಪಟ್ಟಿರುತ್ತದೆ; ಫ್ಲ್ಯಾಶ್ ಗುಂಡಿ ಒತ್ತುವ ಮುನ್ನ ಅದನ್ನು ಪ್ರತಿ ಸಲವೂ ಬದಲಿಸಲೇಬೇಕು. ಲಾಕ್ ಮಾಡಲೇಬೇಕಾದರೆ ಯಂತ್ರದ ಮೂಲ ಪ್ರದೇಶದ ಪೂರ್ಣ ಫರ್ಮ್‌ವೇರ್ ಹಾಕಿ, ಒಂದು ಸಲ ಪೂರ್ತಿ ಬೂಟ್ ಮಾಡಿ ನೋಡಿ, ದತ್ತಾಂಶ ಮತ್ತೆ ಅಳಿಯುತ್ತದೆ ಎಂಬುದನ್ನು ನೆನಪಿಟ್ಟು ಮುಂದುವರಿಯಿರಿ. ಪಿಕ್ಸೆಲ್‌ನಲ್ಲಿ ಗ್ರಾಫೀನ್‌ಓಎಸ್‌ನಂಥ ಕಸ್ಟಮ್ ರಾಮ್‌ಗಳು ತಮ್ಮದೇ ಕೀಲಿಯನ್ನು ಫೋನಿಗೆ ಸೇರಿಸಿ ಲಾಕ್ ಮಾಡಿಸುತ್ತವೆ. ಅದು ಅವುಗಳ ಸೂಚನೆಯಂತೆಯೇ ನಡೆಯಬೇಕಾದ, ಬೇರೆಯೇ ಆದ ವಿಧಾನ.

ಅಪ್‌ಡೇಟ್ ಆದ ಮೇಲೆ

ಮೊದಲು ಐಎಂಇಐ ತಾಳೆ ನೋಡಿ, ಆಮೇಲೆ ಒಂದು ಕರೆ ಮಾಡಿ. ಜಿಯೋ ಸಿಮ್ ಇದ್ದರೆ ಇದು ಇನ್ನೂ ಅಗತ್ಯ. ಆ ಜಾಲದಲ್ಲಿ 2ಜಿ, 3ಜಿ ಇಲ್ಲದಿರುವುದರಿಂದ ವೋಲ್ಟಿ (4ಜಿ ಮೂಲಕ ಕರೆ ಮಾಡುವ ವ್ಯವಸ್ಥೆ) ಕೆಟ್ಟರೆ ಡೇಟಾ ನಡೆಯುತ್ತಿದ್ದರೂ ಮಾಮೂಲಿ ಕರೆ ಹೋಗುವುದಿಲ್ಲ. ವೈಫೈ, ಬೆರಳಚ್ಚು, ಕ್ಯಾಮೆರಾ ನೋಡಿ. ಬ್ಯಾಂಕ್ ಆ್ಯಪ್ ತೆರೆದು ನೋಡಿ.

ಇಷ್ಟೆಲ್ಲ ಓದಿ, ಅಪ್‌ಡೇಟೇ ಬೇಡ ಎಂದು ತೀರ್ಮಾನಿಸಬೇಡಿ. ಅನ್‌ಲಾಕ್ ಆದ ಫೋನಿನಲ್ಲಿ ಸಹಿ ಪರೀಕ್ಷೆಯ ಕಾವಲು ಈಗಾಗಲೇ ಇಲ್ಲ. ಅದರ ಮೇಲೆ ಭದ್ರತಾ ತೇಪೆಗಳೂ ವರ್ಷಗಟ್ಟಲೆ ಹಳೆಯದಾದರೆ ಒಡೆಯರ ಪಾಲಿಗೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಅಪ್‌ಡೇಟ್ ಬಿಡುಗಡೆಯಾದ ದಿನವೇ ಹಾಕದೆ, ನಿಮ್ಮದೇ ಮಾಡೆಲ್ ಸಂಖ್ಯೆಯ ಅನ್‌ಲಾಕ್ ಆದ ಫೋನುಗಳಲ್ಲಿ ಅದು ಹೇಗೆ ನಡೆಯಿತು, ಎಣಿಕೆ ಏರಿತೇ ಎಂಬುದು ತಿಳಿಯುವವರೆಗೆ ಒಂದೆರಡು ವಾರ ಕಾಯಿರಿ. ತಿಳಿದ ಮೇಲೆ ತಡಮಾಡದೆ ಹಾಕಿ.