ನೌಕಾಪಡೆಯ ಕವರು, ಹಡಗಿನ ಫೋಟೊ: ನಾನು ಗುರುತು ಹಚ್ಚಿ ಮಾರುವ ಕ್ರಮ

ನೌಕಾಪಡೆಯ ಕವರು, ಅಂದರೆ ಹಡಗಿನ ಹೆಸರು, ಅಂಚೆಯ ಠಸ್ಸೆ ಇರುವ ಲಕೋಟೆ, ಕೊಳ್ಳುವವರು ಮೊದಲು ನೋಡುವುದು ಆ ಠಸ್ಸೆಯನ್ನು. ಯಾವ ಹಡಗು, ಯಾವ ದಿನ ಎಂಬುದು ಖಚಿತವಾದರೆ ಮಾಸಿದ ಲಕೋಟೆಯೂ ಹೋಗುತ್ತದೆ. ಆಗದಿದ್ದರೆ ಗರಿಗರಿ ಕವರೂ ತಿಂಗಳುಗಟ್ಟಲೆ ಪಟ್ಟಿಯಲ್ಲೇ ಕೂತಿರುತ್ತದೆ. ಕರ್ನಾಪೆಕ್ಸ್‌ನಂಥ ಅಂಚೆಚೀಟಿ ಪ್ರದರ್ಶನಗಳ ಡೀಲರ್ ಮೇಜುಗಳಲ್ಲಾಗಲಿ, ಆನ್‌ಲೈನ್ ಲಾಟ್‌ಗಳಲ್ಲಾಗಲಿ ಸಿಗುವ ಮಾಲು ಎಲ್ಲರಿಗೂ ಒಂದೇ. ಲಾಭ ಇರುವುದು ಗುರುತು ಹಚ್ಚುವುದರಲ್ಲಿ.

ಹೆಸರಿನಿಂದಲೇ ಗೊಂದಲ ಶುರು. ನಮ್ಮ ನೌಕಾಪಡೆ ಹಳೆಯ ಹಡಗಿನ ಹೆಸರನ್ನು ಹೊಸದಕ್ಕೆ ಇಡುತ್ತದೆ. ಮೊದಲ ಐಎನ್‌ಎಸ್ ಮೈಸೂರು ಬ್ರಿಟನ್ನಿನ ನೈಜೀರಿಯಾ ಎಂಬ ಕ್ರೂಸರ್. 1957ರಲ್ಲಿ ನಮ್ಮ ಸೇವೆಗೆ ಬಂತು. ಎರಡನೆಯದು 1999ರ ಡೆಸ್ಟ್ರಾಯರ್. ವಿಮಾನವಾಹಕ ವಿಕ್ರಾಂತ್ ಕೂಡ ಎರಡು, 1961ರದ್ದು ಮತ್ತು 2022ರದ್ದು. ಹಡಗಿನ ಮೈಮೇಲೆ ಬರೆಯುವ ಗುರುತಿನ ಸಂಖ್ಯೆ ಎರಡಕ್ಕೂ ಆರ್ 11 ಎಂದೇ ಇರುವುದರಿಂದ ಸಂಖ್ಯೆಯನ್ನೂ ನಂಬಿ ಕೂರುವಂತಿಲ್ಲ. ಲಕೋಟೆಯಲ್ಲಿ ಎಚ್‌ಎಂಐಎಸ್ (ಬ್ರಿಟಿಷ್ ದೊರೆಯ ಭಾರತೀಯ ಹಡಗು) ಎಂದಿದ್ದರೆ ಆ ಹೆಸರು 1950ರ ಜನವರಿ 26ಕ್ಕಿಂತ ಹಿಂದಿನದು, ಆಮೇಲಿನದೆಲ್ಲ ಐಎನ್‌ಎಸ್. ಆದರೆ ಹಳೇ ಸ್ಟೇಷನರಿ ಮುಗಿಯುವ ತನಕ ಬಳಸುವುದು ಎಲ್ಲ ಕಚೇರಿಗಳ ಅಭ್ಯಾಸ, ಆದ್ದರಿಂದ ಅಚ್ಚಾದ ಹೆಸರಿಗಿಂತ ಠಸ್ಸೆಯ ತಾರೀಕಿಗೇ ನನ್ನ ಓಟು. ಎಫ್‌ಪಿಒ (ಸೇನೆಯ ಕ್ಷೇತ್ರ ಅಂಚೆ ಕಚೇರಿ) ಠಸ್ಸೆಯಲ್ಲಿ ಊರ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆ ಸಂಖ್ಯೆ ಓದಲು ಬಾರದಷ್ಟು ಮಸುಕಾಗಿದ್ದರೆ ಅರ್ಧ ಬೆಲೆಗೂ ನಾನು ಕೊಳ್ಳುವುದಿಲ್ಲ. ಸೇನಾ ಅಂಚೆ ಸೇವೆ ಹೊರತರುವ ವಿಶೇಷ ಲಕೋಟೆಯಾದರೆ ಒಳಗಿನ ಮಾಹಿತಿ ಹಾಳೆ ಇದೆಯೇ ಎಂದು ತೆಗೆದೇ ನೋಡಬೇಕು. ಅದಿಲ್ಲದಿದ್ದರೆ ಬೆಲೆ ಇಳಿಯುತ್ತದೆ.

ನಕಲಿ ಹೆಚ್ಚಾಗಿ ಕಾಣುವುದು 1971ರ ಯುದ್ಧದ ಹೆಸರಿನಲ್ಲಿ. ಡಿಸೆಂಬರ್ 9ರಂದು ಮುಳುಗಿದ ಖುಕ್ರಿ ಹಡಗಿನ ಹೆಸರಿದ್ದರಂತೂ ಎರಡು ಸಲ ನೋಡಿ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು; ಪಿನ್‌ಕೋಡಿಗೆ ಆರು ಚೌಕ ಅಚ್ಚಾದ ಲಕೋಟೆಯ ಮೇಲೆ 1971ರ ಠಸ್ಸೆ ಇದ್ದರೆ ಮಾತು ಅಲ್ಲಿಗೆ ಮುಗಿಯಿತು. 1971ರ ನವೆಂಬರ್ 15ರಿಂದ ಸಾಮಾನ್ಯ ಕಾಗದಗಳಿಗೆ 5 ಪೈಸೆಯ ನಿರಾಶ್ರಿತರ ಪರಿಹಾರದ ಅಂಚೆಚೀಟಿ ಹೆಚ್ಚುವರಿಯಾಗಿ ಅಂಟಿಸಬೇಕಿತ್ತು. ನಾಗರಿಕ ಅಂಚೆಯಲ್ಲಿ ಬಂದ ಡಿಸೆಂಬರ್ ಕವರಿನಲ್ಲಿ ಅದಿದ್ದರೆ ಒಳ್ಳೆಯ ಸಾಕ್ಷಿ. ಇನ್ನೂ ಹಳೆಯ ಕವರಾದರೆ, ನಯಾ ಪೈಸೆಯ ಅಂಚೆಚೀಟಿಗಳು 1957ರ ಏಪ್ರಿಲ್‌ಗೆ ಮುಂಚೆ ಇರಲೇ ಇಲ್ಲ. ಇನ್ನೊಂದು ಚಾಲಾಕಿ, ಅಸಲಿ ಹಳೇ ಲಕೋಟೆಯ ಮೂಲೆಯಲ್ಲಿ ಹಡಗಿನ ಚಿತ್ರ ಹೊಸದಾಗಿ ಮುದ್ರಿಸುವುದು. ಹತ್ತು ಪಟ್ಟಿನ ಮಸೂರ ಹಿಡಿದರೆ ಇಂಕ್‌ಜೆಟ್‌ನ ಬಣ್ಣದ ಚುಕ್ಕಿಗಳು ಚೆದುರಿ ಕಾಣುತ್ತವೆ. ಚಿತ್ರದ ಗೆರೆ ಠಸ್ಸೆಯ ಮಸಿಯ ಮೇಲೆ ಹಾದುಹೋಗಿದ್ದರೆ ಅದು ಆಮೇಲೆ ಸೇರಿಸಿದ್ದು.

ಫೋಟೊದ ವರ್ಷವನ್ನು ಹಡಗೇ ಹೇಳುತ್ತದೆ. ಹಳೆಯ ವಿಕ್ರಾಂತ್‌ನ ಮುಂಭಾಗ ಚಪ್ಪಟೆಯಾಗಿದ್ದರೆ ಅದು ಮೊದಲಿನ ರೂಪ. ವಿಮಾನ ಹಾರಿಸಲು ಮೇಲಕ್ಕೆ ಬಾಗಿದ ಸ್ಕೀ ಜಂಪ್ ಕಂಡರೆ 1980ರ ದಶಕದ ಕೊನೆಯ ರಿಪೇರಿಯ ನಂತರದ್ದು. ಡೆಕ್ಕಿನ ಮೇಲೆ ಸೀ ಹ್ಯಾರಿಯರ್ ವಿಮಾನ ಇದ್ದರೆ 1983ಕ್ಕಿಂತ ಹಿಂದೆ ಹೋಗುವಂತಿಲ್ಲ. ವಿರಾಟ್ 1987ರಲ್ಲಿ ನಮ್ಮದಾಗುವ ಮೊದಲು ಬ್ರಿಟನ್ನಿನ ಹರ್ಮಿಸ್ ಆಗಿತ್ತು, ಸಂಖ್ಯೆ ಆರ್ 12. ನಮ್ಮಲ್ಲಿ ಆರ್ 22. ಇದರ ಜೊತೆಗೆ ಕಾಗದವನ್ನೂ ಪರೀಕ್ಷಿಸುತ್ತೇನೆ. 1950ರ ಪ್ರಿಂಟ್ ಎಂದು ಕೊಟ್ಟದ್ದರ ಹಿಂಬದಿ ಪ್ಲಾಸ್ಟಿಕ್‌ನಂತೆ ನುಣುಪಾಗಿದ್ದರೆ ಮರುಮುದ್ರಣ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟಾಗ ಬಿಳಿನೀಲಿಯಾಗಿ ಹೊಳೆದರೂ ಅನುಮಾನ ಸರಿಯೇ. ಹಳೆಯ ಕಪ್ಪು-ಬಿಳುಪು ಪ್ರಿಂಟಿನ ಕಪ್ಪು ಭಾಗಗಳ ಅಂಚಿನಲ್ಲಿ, ಓರೆಯಾಗಿ ಹಿಡಿದಾಗ, ಬೆಳ್ಳಿಯ ಹೊಳಪು ಬಂದಿರುತ್ತದೆ. ಅದನ್ನು ಒರೆಸಬೇಡಿ, ಬಲ್ಲವರು ಅದನ್ನೇ ಹುಡುಕುತ್ತಾರೆ. ಆಲ್ಬಮ್ಮಿನ ಕಪ್ಪು ಹಾಳೆ ಹಿಂಬದಿಗೆ ಅಂಟಿದ್ದರೆ ಕಿತ್ತು ತೆಗೆಯುವ ಸಾಹಸವೂ ಬೇಡ. ಟಿಪ್ಪಣಿ ಬರೆಯುವುದಿದ್ದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲಿನಿಂದ ಮಾತ್ರ. ಬಾಲ್‌ಪೆನ್ನಿನ ಗುರುತು ಮುಂಬದಿಗೆ ಉಬ್ಬುತ್ತದೆ.

ಸ್ಕ್ಯಾನ್‌ಗೆ ಕವರಿನ ಹಿಂದೆ ಕಪ್ಪು ಹಾಳೆ ಇಟ್ಟು ಎರಡೂ ಬದಿ ತೆಗೆಯಬೇಕು. ಪೂರ್ತಿ ಕವರಿಗೆ 300 ಡಿಪಿಐ, ಠಸ್ಸೆಗೆ ಬೇರೆಯಾಗಿ 600. ಸ್ಕ್ಯಾನರಿನ ಆಟೊ ಕರೆಕ್ಷನ್ ಆಫ್ ಮಾಡಿ. ಅದು ಕಂದು ಕಲೆಗಳನ್ನು ಬೆಳ್ಳಗೆ ತೊಳೆದು ತೋರಿಸುತ್ತದೆ, ವಸ್ತು ಕೈಗೆ ಬಂದ ಗಿರಾಕಿ ವಾಪಸು ಕಳಿಸುತ್ತಾನೆ. ವಿಳಾಸದಲ್ಲಿ ನಾವಿಕನ ಮನೆಯ ಬಾಗಿಲ ಸಂಖ್ಯೆ ಇದ್ದರೆ ಚಿತ್ರದಲ್ಲಿ ಮುಚ್ಚುತ್ತೇನೆ. ಈಬೇಯಲ್ಲಿ ಶೀರ್ಷಿಕೆಗೆ 80 ಅಕ್ಷರಗಳಷ್ಟೇ ಜಾಗ, ಹಾಗಾಗಿ ಹಡಗಿನ ಹೆಸರು, ಸಂಖ್ಯೆ, ಠಸ್ಸೆಯ ತಾರೀಕು, ಎಫ್‌ಪಿಒ ಸಂಖ್ಯೆ ಇಷ್ಟೇ ಹಾಕಿ. ‘ಅಪರೂಪ’ ಎಂಬ ಪದವನ್ನು ಯಾರೂ ಹುಡುಕುವುದಿಲ್ಲ. ಬೆಲೆ ಇಡುವಾಗ ಮಾರಾಟವಾದ ಪಟ್ಟಿ ತೆರೆದು ನೋಡಿ, ಮಾರಾಟಕ್ಕಿರುವುದರ ಬೆಲೆ ಬರೀ ಆಸೆ. ಒಂಟಿಯಾಗಿ ಹೋಗದ ಕವರುಗಳನ್ನು ಒಂದೇ ಹಡಗಿನವು ಎಂದು ಜೋಡಿಸಿ ಲಾಟ್ ಮಾಡುತ್ತೇನೆ.

ಕರಾವಳಿಯ ಮಳೆಗಾಲದಲ್ಲಿ ಅಂಟು ತಾನಾಗಿ ಮೆತ್ತಗಾಗಿ ಲಕೋಟೆಗಳು ಒಂದಕ್ಕೊಂದು ಹಿಡಿಯುತ್ತವೆ. ಪಾಲಿಪ್ರೊಪಿಲೀನ್ ಜೇಬುಗಳಲ್ಲಿ ಒಂದೊಂದಾಗಿ, ನಿಲ್ಲಿಸಿ ಇಡಿ; ಪಿವಿಸಿ ಜೇಬು ಬೇಡ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ, ಬಣ್ಣ ಬದಲಾದಾಗ ಒಣಗಿಸಿ.

ಪಟ್ಟಿಗೆ ಹಾಕುವ ಮೊದಲು ಕಾನೂನಿನ ಎರಡು ವಿಷಯ. ಕಾರವಾರದ ಕದಂಬದಂಥ ಈಗಿನ ನೆಲೆಗಳ ಒಳಗಿನ ಫೋಟೊಗಳನ್ನು ನಾನು ಮುಟ್ಟುವುದೇ ಇಲ್ಲ. 1972ರ ಪುರಾತನ ವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ವಸ್ತುಗಳು, ಚಾರಿತ್ರಿಕ ಮೌಲ್ಯವಿರುವ ಕೈಬರಹ, ದಾಖಲೆಗಳಾದರೆ 75 ವರ್ಷ ದಾಟಿದವು, ಪುರಾತನ ವಸ್ತುಗಳ ಲೆಕ್ಕಕ್ಕೆ ಬರುತ್ತವೆ. ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಅಂಥ ಅಂಚಿನಲ್ಲಿರುವುದನ್ನು ದೇಶದೊಳಗಷ್ಟೇ ಮಾರುತ್ತೇನೆ.

ಪ್ಯಾಕಿಂಗ್‌ಗೆ ಎರಡು ಸುಕ್ಕುರಟ್ಟು (ಒಳಗೆ ಅಲೆಯಂಥ ಸಾಲುಗಳಿರುವ ರಟ್ಟು), ಕವರಿಗಿಂತ ಸುತ್ತ 1 ಸೆಂ.ಮೀ. ದೊಡ್ಡವು. ಒಂದರ ಸಾಲು ಅಡ್ಡ, ಇನ್ನೊಂದರದ್ದು ಉದ್ದ ಬರುವಂತೆ ಇಟ್ಟರೆ ಯಾವ ಕಡೆಗೂ ಬಾಗುವುದಿಲ್ಲ. ಜೇಬನ್ನು ರಟ್ಟಿಗೆ ಕಾಗದದ ಮಾಸ್ಕಿಂಗ್ ಟೇಪಿನಿಂದ ಹಿಡಿಸಿ, ಟೇಪಿನ ತುದಿ ಮಡಚಿ ಬಿಡಿ. ಗಿರಾಕಿ ಕತ್ತರಿ ಹಾಕದೆ ಬಿಚ್ಚಬಹುದು. ಫೋಟೊವನ್ನು ಸುರುಳಿ ಸುತ್ತಿ ಕಳಿಸಿದರೆ ಎಮಲ್ಶನ್ (ಚಿತ್ರವಿರುವ ಮೇಲ್ಪದರ) ಬಿರುಕು ಬಿಡುತ್ತದೆ, ಎಷ್ಟು ದೊಡ್ಡದಾದರೂ ಚಪ್ಪಟೆಯಾಗಿಯೇ ಹೋಗಲಿ.