ಒಂದೇ ಅಕ್ಷದ ಸುತ್ತ: ಲೇತಿನಲ್ಲಿ ಪುಟ್ಟ ಫಿರಂಗಿ ಕಡೆದ ನನ್ನ ಅನುಭವ

ಹಿತ್ತಾಳೆಯ ದಿಂಡೊಂದನ್ನು ಲೇತಿಗೆ ಕಟ್ಟಿ ಫಿರಂಗಿ ಮಾಡಲು ಹೊರಟವರಿಗೆ ಸಹಜವಾಗಿ ತೋಚುವ ಕ್ರಮವೆಂದರೆ, ಮೊದಲು ಹೊರಮೈಯ ಸೊಗಸನ್ನೆಲ್ಲ ತಿದ್ದಿಕೊಂಡು, ಕೊನೆಗೆ ಬಾಯಿಯ ಕಡೆಯಿಂದ ರಂಧ್ರ ಕೊರೆಯುವುದು. ನಾನು ಅನುಸರಿಸುವ ಕ್ರಮ ಇದಕ್ಕೆ ತಿರುಗುಮುರುಗು. ರಂಧ್ರ ಮೊದಲು, ಉಳಿದದ್ದೆಲ್ಲ ಆ ರಂಧ್ರದ ನಡುಗೆರೆಯನ್ನು ಆಧರಿಸಿ ಆಮೇಲೆ. ಉದ್ದನೆಯ ಡ್ರಿಲ್ ಎಷ್ಟೇ ಎಚ್ಚರಿಕೆಯಿಂದ ನಡೆಸಿದರೂ ಕೂದಲೆಳೆಯಷ್ಟು ಓರೆಯಾಗುವ ಸಾಧ್ಯತೆ ಇದ್ದೇ ಇರುತ್ತದೆ. ಹೊರಮೈ ಮೊದಲೇ ಸಿದ್ಧವಾಗಿದ್ದರೆ ಆ ಓರೆಯನ್ನು ಸರಿಪಡಿಸಲು ದಾರಿಯೇ ಇರುವುದಿಲ್ಲ. ರಂಧ್ರ ಮೊದಲೇ ಇದ್ದರೆ ಹೊರಮೈಯನ್ನು ಅದಕ್ಕೆ ಹೊಂದಿಸಿ ಕಡೆಯಬಹುದು.

ನಾನು ಆರಿಸಿಕೊಂಡದ್ದು ಅಮೆರಿಕದ ಸೈನ್ಯ 1857ರಲ್ಲಿ ಒಪ್ಪಿಕೊಂಡ, 'ನೆಪೋಲಿಯನ್' ಎಂದೇ ಹೆಸರಾದ, ಹನ್ನೆರಡು ಪೌಂಡಿನ ಗುಂಡು ಹಾರಿಸುವ ಕಂಚಿನ ಫಿರಂಗಿಯನ್ನು. ಮೂರನೆಯ ನೆಪೋಲಿಯನ್ ಕಾಲದ ಫ್ರೆಂಚ್ ವಿನ್ಯಾಸವೊಂದು ಅದರ ಮೂಲ. 1861–65ರ ಅಂತರ್ಯುದ್ಧದಲ್ಲಿ ಅದು ಎರಡೂ ಪಕ್ಷಗಳ ಕೈಯಲ್ಲಿತ್ತು. ಹಿಂದಿನ ಫಿರಂಗಿಗಳ ಮೈಮೇಲೆ ಸಾಲುಸಾಲಾಗಿ ಇರುತ್ತಿದ್ದ ಬಳೆಗಳೂ ಅಲಂಕಾರದ ಪಟ್ಟಿಗಳೂ ಇದರ ಮೇಲೆ ಬಹುಮಟ್ಟಿಗೆ ಇಲ್ಲ. ಅಲಂಕಾರ ಕಡಿಮೆಯಾದ್ದರಿಂದ ಕೆಲಸ ಸುಲಭವೆಂದು ತಿಳಿಯಬಾರದು. ನುಣುಪಾದ ಮೈಮೇಲೆ ಸಣ್ಣ ಏರುಪೇರು ಕೂಡ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಮೂಲದ ರಂಧ್ರ 4.62 ಅಂಗುಲ, ಚಕ್ರದ ವ್ಯಾಸ 57 ಅಂಗುಲ. ಹನ್ನೆರಡರಲ್ಲಿ ಒಂದರ ಅಳತೆಗೆ ಇಳಿಸಿದಾಗ ರಂಧ್ರ ಸುಮಾರು 9.8 ಮಿ.ಮೀ., ಚಕ್ರ ಸುಮಾರು 120.6 ಮಿ.ಮೀ. ಆಗುತ್ತದೆ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ನನ್ನ ಮಾದರಿಯಲ್ಲಿ ಎತ್ತರಿಸುವ ತಿರುಪು, ಚಕ್ರ, ಟ್ರನಿಯನ್ (ನಳಿಗೆಯ ಅಡ್ಡ ತೋಳುಗಳು) ಎಲ್ಲವೂ ಕೆಲಸ ಮಾಡುತ್ತವೆ, ಆದರೆ ಅದು ಸಿಡಿಯುವುದಿಲ್ಲ. ಬುಡದ ಮೇಲಿನ ಕಿವಿರಂಧ್ರವನ್ನು, ಅಂದರೆ ಮದ್ದಿಗೆ ಬೆಂಕಿ ತಾಗಿಸುವ ಸಣ್ಣ ತೂತನ್ನು, ಎರಡು ಮಿಲಿಮೀಟರಿಗೆ ನಿಲ್ಲಿಸಿ, ಒಳರಂಧ್ರವನ್ನು ಅದು ಮುಟ್ಟದಂತೆ ನೋಡಿಕೊಂಡಿದ್ದೇನೆ. ಮದ್ದು ತುಂಬಬಲ್ಲ ಸಾಧನಕ್ಕೆ, ಅದು ಅಂಗೈಯಷ್ಟೇ ಇದ್ದರೂ, ಆಯುಧದ ಕಾನೂನು ಅನ್ವಯಿಸಬಹುದು. ಅಲ್ಲದೆ ಸುಲಭವಾಗಿ ಕತ್ತರಿಸಬರುವ ಸೀಸಬೆರೆತ ಹಿತ್ತಾಳೆ ಒತ್ತಡ ತಡೆಯಲೆಂದು ತಯಾರಾದ ಲೋಹವಲ್ಲ. ಯಂತ್ರಕೆಲಸದ ಸಂತೋಷಕ್ಕೆ ಸಿಡಿತದ ಅಗತ್ಯ ನನಗೆಂದೂ ಕಂಡಿಲ್ಲ.

ದಿಂಡನ್ನು ಬೇಕಾದ ಉದ್ದಕ್ಕಿಂತ ಮೂರು ಬೆರಳಷ್ಟು ಹೆಚ್ಚಾಗಿಯೇ ಕತ್ತರಿಸಿಕೊಳ್ಳುತ್ತೇನೆ. ಬುಡದ ಕಡೆ ಉಳಿಯುವ ಈ ಹೆಚ್ಚುವರಿ ತುಂಡೇ ಕೊನೆಯವರೆಗೂ ಹಿಡಿಕೆಯಾಗುತ್ತದೆ. ದಿಂಡನ್ನು ಹಿಡಿದು ತಿರುಗಿಸುವ ನಾಲ್ಕು ದವಡೆಯ ಚಕ್ಕಿನಲ್ಲಿ ಕಟ್ಟಿ, ಸಣ್ಣ ಓಲಾಟವನ್ನೂ ತೋರಿಸುವ ಡಯಲ್ ಗೇಜಿನ ಮುಳ್ಳು ಅಲುಗದಂತಾಗುವವರೆಗೆ ಒಂದೊಂದೇ ದವಡೆಯನ್ನು ಹೊಂದಿಸಬೇಕು. ಅನಂತರ ನಡುವಿನ ಗುಳಿ ತೋಡುವ ಸೆಂಟರ್ ಡ್ರಿಲ್, ಅದರ ಹಿಂದೆ ಸಣ್ಣ ಡ್ರಿಲ್, ಮತ್ತೆ 9.5 ಮಿ.ಮೀ. ಡ್ರಿಲ್. ಹೊಸ ಡ್ರಿಲ್‌ನ ಚೂಪು ಅಂಚು ಹಿತ್ತಾಳೆಯನ್ನು ಕಚ್ಚಿಕೊಂಡು ತನ್ನಷ್ಟಕ್ಕೆ ಒಳಗೆ ನುಗ್ಗುತ್ತದೆ. ಆದ್ದರಿಂದ ಎರಡೂ ಕತ್ತರಿಸುವ ಅಂಚುಗಳ ಮುಖವನ್ನು ಸಾಣೆಕಲ್ಲಿನಿಂದ ತುಸು ಉಜ್ಜಿ ಚಪ್ಪಟೆ ಮಾಡಿಕೊಳ್ಳುತ್ತೇನೆ. ಲೇತಿನ ಟೂಲಿಗೂ ಇದೇ ನ್ಯಾಯ: ಅದರ ಮೇಲ್ಮುಖ ಸಮತಟ್ಟಾಗಿರಬೇಕು, ಉಕ್ಕಿಗೆ ಕೊಡುವ ಇಳಿಜಾರನ್ನು ಹಿತ್ತಾಳೆಗೆ ಕೊಡಬಾರದು. ಚೂರುಗಳು ಸೂಜಿಗಳಂತೆ ಹಾರುವುದರಿಂದ ಕನ್ನಡಕವಿಲ್ಲದೆ ಯಂತ್ರದ ಮುಂದೆ ನಿಲ್ಲುವುದೇ ಬೇಡ.

ರಂಧ್ರವನ್ನು ಅಂತಿಮ ಅಳತೆಗೆ ತರುವುದು ಡಿ-ಬಿಟ್ಟಿನ, ಅಂದರೆ ತುದಿ ಅರ್ಧವೃತ್ತವಾಗಿರುವ ಕೊರೆಯುವ ಸರಳಿನ, ಕೆಲಸ. ಸಿಲ್ವರ್ ಸ್ಟೀಲ್ ಎಂಬ, ಗಡಸುಗೊಳಿಸಬಲ್ಲ ಉಕ್ಕಿನ ಸರಳನ್ನು 9.8 ಮಿ.ಮೀ.ಗೆ ಕಡೆದು, ತುದಿಯ ಅರ್ಧಭಾಗವನ್ನು ಅರದಿಂದ ಉಜ್ಜಿ ತೆಗೆದು, ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ ಗಡಸುಗೊಳಿಸಿ, ತಿಳಿ ಹುಲ್ಲುಬಣ್ಣ ಬರುವವರೆಗೆ ಮತ್ತೆ ಹದವಾಗಿ ಬಿಸಿಮಾಡಿದರೆ ಅದು ಸಿದ್ಧ. ಅದರ ಉಳಿದ ಅರ್ಧವೃತ್ತದ ಮೈ ರಂಧ್ರದ ಗೋಡೆಗೆ ಒರಗಿಕೊಂಡೇ ಮುಂದೆ ಸಾಗುವುದರಿಂದ, ವ್ಯಾಸದ ಹನ್ನೆರಡು ಪಟ್ಟಿಗೂ ಮೀರಿದ ಆಳದಲ್ಲಿಯೂ ದಾರಿ ತಪ್ಪುವುದು ಕಡಿಮೆ. ಆದರೆ ಅದು ಪ್ರವೇಶಿಸುವ ಮೊದಲ ಕೆಲವು ಮಿಲಿಮೀಟರನ್ನು ಬೋರಿಂಗ್ ಟೂಲಿನಿಂದ ಕರಾರುವಾಕ್ಕಾಗಿ ತೆರೆದಿಟ್ಟಿರಬೇಕು. ಆ ಆರಂಭ ನೇರವಿದ್ದರೆ ಮಾತ್ರ ಮುಂದಿನದು ನೇರ. ಅಷ್ಟಷ್ಟು ದೂರಕ್ಕೆ ಹೊರಗೆಳೆದು ಚೂರು ತೆಗೆಯುತ್ತಿರಬೇಕು, ಏಕೆಂದರೆ ಡಿ-ಬಿಟ್ಟಿಗೆ ಚೂರನ್ನು ತಾನಾಗಿ ಹೊರಹಾಕುವ ಸುರುಳಿಯಿಲ್ಲ.

ಇಲ್ಲಿ ತಿರುಗುವುದು ಫಿರಂಗಿ, ನಿಂತಿರುವುದು ಕೊರೆಯುವ ಉಪಕರಣ. ಹದಿನೆಂಟನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಮಾರಿಟ್ಸ್ ಮನೆತನದವರು ಫಿರಂಗಿಯನ್ನು ಗಟ್ಟಿಯಾಗಿಯೇ ಎರಕ ಹೊಯ್ದು, ಅಡ್ಡಲಾಗಿ ಮಲಗಿಸಿ ತಿರುಗಿಸುತ್ತ ಕೊರೆದ ವಿಧಾನವೂ ಇದೇ. 1774ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ಪೇಟೆಂಟ್ ಪಡೆದದ್ದೂ ಇದಕ್ಕೆ ಹತ್ತಿರದ ವಿಧಾನಕ್ಕೆ. ಆ ಕೊರೆತದ ಅನುಭವದಿಂದ ವಿಲ್ಕಿನ್ಸನ್ ಕಟ್ಟಿದ ಯಂತ್ರವೇ ಮುಂದೆ ಜೇಮ್ಸ್ ವಾಟ್‌ನ ಉಗಿಯಂತ್ರಕ್ಕೆ ಸಿಲಿಂಡರ್ ಕೊರೆದುಕೊಟ್ಟಿತು. ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವಾಗ ಹುಟ್ಟಿದ ಶಾಖದಿಂದಲೇ ನೀರು ಕುದಿಸಿ ತೋರಿಸಿದ ಕೌಂಟ್ ರಮ್‌ಫರ್ಡ್, ಶಾಖವು ಒಂದು ದ್ರವ್ಯವಲ್ಲ, ಅದೊಂದು ಬಗೆಯ ಚಲನೆ ಎಂದು 1798ರಲ್ಲಿ ವಾದಿಸಿದ. ಈ ಶಾಖ ನನ್ನ ಮೇಜಿನ ಮೇಲೆಯೂ ಲೆಕ್ಕಕ್ಕೆ ಬರುತ್ತದೆ: 30 ಮಿ.ಮೀ. ವ್ಯಾಸದ ಹಿತ್ತಾಳೆ 50 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಹಾಗಾಗಿ ಅಂತಿಮ ಅಳತೆಯನ್ನು ಲೋಹ ತಣ್ಣಗಾದ ಮೇಲೆಯೇ ತೆಗೆದುಕೊಳ್ಳುತ್ತೇನೆ.

ರಂಧ್ರ ಮುಗಿದ ಮೇಲೆ ಅದರ ಬಾಯಿಗೆ ಬಿಗಿಯಾಗಿ ಕೂರುವ, ಮಧ್ಯದಲ್ಲಿ ಸೆಂಟರ್ ಗುಳಿಯಿರುವ ಬಿರಡೆಯೊಂದನ್ನು ಕಡೆದು ತೂರಿಸುತ್ತೇನೆ. ಹಿಡಿಕೆಯ ತುದಿಗೂ ಒಂದು ಸೆಂಟರ್ ಗುಳಿ. ಇನ್ನು ಮುಂದೆ ನಳಿಗೆ ಎರಡು ಸೆಂಟರುಗಳ (ಲೇತಿನ ಮೊನಚು ಆಧಾರಗಳ) ನಡುವೆ, ತನ್ನದೇ ರಂಧ್ರದ ಅಕ್ಷದ ಮೇಲೆ ತಿರುಗುತ್ತದೆ. ಬಾಯಿಯ ಕಡೆಗೆ ಸಪುರವಾಗುತ್ತ ಹೋಗುವ ಭಾಗಕ್ಕೆ ಸಣ್ಣ ಲೇತಿನಲ್ಲಿ ಟೂಲನ್ನು ಓರೆಯಾಗಿ ಸಾಗಿಸುವ ಕಾಂಪೌಂಡ್ ಸ್ಲೈಡಿನ ಓಟ ಸಾಲುವುದಿಲ್ಲವಾದ್ದರಿಂದ, ಒಂದು ತುದಿಯ ಸೆಂಟರನ್ನು ಹಿಡಿದಿರುವ ಟೇಲ್‌ಸ್ಟಾಕನ್ನೇ ಪಕ್ಕಕ್ಕೆ ಸರಿಸುತ್ತೇನೆ. ಲೆಕ್ಕ ಸರಳ: ಸೆಂಟರುಗಳ ನಡುವಿನ ಉದ್ದ 200 ಮಿ.ಮೀ. ಇದ್ದು, 100 ಮಿ.ಮೀ. ದೂರದಲ್ಲಿ ವ್ಯಾಸ 6 ಮಿ.ಮೀ. ಇಳಿಯಬೇಕಾದರೆ, ಸರಿಸಬೇಕಾದದ್ದು 6 ಮಿ.ಮೀ. ಸೆಂಟರುಗಳು ಆಗ ಒಂದೇ ಗೆರೆಯಲ್ಲಿ ಇರುವುದಿಲ್ಲವಾದ ಕಾರಣ, ಚೂಪು ಸೆಂಟರಿನ ಬದಲು ಗುಂಡು ತುದಿಯ ಸೆಂಟರ್ ಬಳಸಿದರೆ ಗುಳಿಗಳು ಸವೆಯುವುದಿಲ್ಲ.

ಬುಡದ ಹಿಂತುದಿಯ ಚೆಂಡಿನಾಕಾರದ ಗುಂಡನ್ನು ಹೊರಮೈ ಕೆಲಸದ ಕೊನೆಗೆ ಬಿಟ್ಟಿರುತ್ತೇನೆ. ಅದಕ್ಕೆ ವಿಶೇಷ ಉಪಕರಣ ಬೇಕಿಲ್ಲ. ಗುಂಡಿನ ತ್ರಿಜ್ಯ 5 ಮಿ.ಮೀ. ಎಂದುಕೊಳ್ಳಿ: ತುದಿಯಿಂದ 1 ಮಿ.ಮೀ. ಒಳಗೆ ವ್ಯಾಸ 6, 2 ಮಿ.ಮೀ. ಒಳಗೆ 8, 5 ಮಿ.ಮೀ. ಒಳಗೆ ಪೂರ್ಣ 10. ಮಧ್ಯದ ಅಳತೆಗಳನ್ನೂ ಹೀಗೆಯೇ ಬರೆದಿಟ್ಟುಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಕಡೆದು, ಮೈಗೆಲ್ಲ ಮಸಿ ಬಳಿದು, ಮೆಟ್ಟಿಲುಗಳ ಒಳಮೂಲೆಯ ಮಸಿಯೂ ಆಗಷ್ಟೇ ಅಳಿಯುವವರೆಗೆ ಅರದಿಂದ ತಿದ್ದಿದರೆ ಗುಂಡು ತಾನಾಗಿ ದಕ್ಕುತ್ತದೆ. ಹಿಡಿಕೆಯ ಕಡೆಗೆ ಸಣ್ಣ ಕುತ್ತಿಗೆಯನ್ನಷ್ಟೇ ಉಳಿಸಿಕೊಳ್ಳಬೇಕು. ಅದನ್ನು ಕತ್ತರಿಸುವ ಹೊತ್ತು ಇನ್ನೂ ಬಂದಿಲ್ಲ.

ಟ್ರನಿಯನ್‌ಗಳು ನಳಿಗೆಯನ್ನು ಗಾಡಿಯ ಮೇಲೆ ಹೊರುವ ಎರಡು ಅಡ್ಡ ತೋಳುಗಳು. ಹಳೆಯ ಫಿರಂಗಿಗಳಲ್ಲಿ ಇವು ರಂಧ್ರದ ಅಕ್ಷಕ್ಕಿಂತ ಕೆಳಗಿರುತ್ತಿದ್ದವು. ಮಾದರಿ ಯಾವುದೇ ಇರಲಿ, ಇವು ಅಕ್ಷಕ್ಕೆ ಲಂಬವಾಗಿಯೂ ಒಂದಕ್ಕೊಂದು ನೇರವಾಗಿಯೂ ಇರಲೇಬೇಕು. ರಂಧ್ರದ ತುಂಬ ಸರಳೊಂದನ್ನು ತೂರಿಸಿ, ಅದರ ಹೊರಚಾಚಿದ ಭಾಗವನ್ನು ಒಂದು ವಿ-ಬ್ಲಾಕಿನ (ವಿ ಆಕಾರದ ಸೀಳಿರುವ ಆಧಾರದ) ಮೇಲೂ, ಬುಡದ ಹಿಡಿಕೆಯನ್ನು ಇನ್ನೊಂದರ ಮೇಲೂ ಇಟ್ಟು, ಎರಡರ ಎತ್ತರವನ್ನು ಡಯಲ್ ಗೇಜಿನಿಂದ ಸರಿದೂಗಿಸುತ್ತೇನೆ. ಮಿಲ್ಲಿಂಗ್ ಯಂತ್ರದಲ್ಲಿ ಡ್ರಿಲ್ ಮೇಲಿನ ಗೋಡೆ, ಒಳಗಿನ ಸರಳು, ಕೆಳಗಿನ ಗೋಡೆ ಮೂರನ್ನೂ ಒಂದೇ ಹಿಡಿತದಲ್ಲಿ ದಾಟುತ್ತದೆ. ಟೊಳ್ಳಿನೊಳಗೆ ಬಾಗಲು ಡ್ರಿಲ್‌ಗೆ ಆ ಸರಳು ಅವಕಾಶ ಕೊಡುವುದಿಲ್ಲ. ತೋಳುಗಳನ್ನು ಅಂಟಿಸಲು ಯಂತ್ರಭಾಗಗಳಿಗೆ ಬಳಸುವ ಗಟ್ಟಿ ಅಂಟೇ ಸಾಕು. ಇಷ್ಟಾದ ಮೇಲೆ ಹಿಡಿಕೆ ಕತ್ತರಿಸಿ ತೆಗೆಯಬಹುದು.

ಚಕ್ರಕ್ಕೆ 14 ಸ್ಪೋಕುಗಳು. ಕೋನ 25.714 ಡಿಗ್ರಿ, ಕೈಯಿಂದ ಗುರುತು ಹಾಕಲು ಬಾರದ ಸಂಖ್ಯೆ. ಹಿಡಿ ನಲವತ್ತು ಸುತ್ತು ತಿರುಗಿದಾಗ ಕೆಲಸದ ತುಂಡು ಒಂದು ಸುತ್ತು ತಿರುಗುವ ಡಿವೈಡಿಂಗ್ ಹೆಡ್ಡಿನಲ್ಲಿ ಅದೇ ಕೆಲಸ ಸಲೀಸು: ಎರಡು ಪೂರ್ಣ ಸುತ್ತು, ಮೇಲೆ 21 ರಂಧ್ರಗಳ ವರ್ತುಲದಲ್ಲಿ 18 ರಂಧ್ರ. ಸ್ಪೋಕುಗಳು ಗುಂಬದಿಂದ ಹೊರಕ್ಕೆ ಸ್ವಲ್ಪ ಓಲಿರುತ್ತವೆ, ಇರುಸಿನ ತುದಿಗಳು ಅಷ್ಟೇ ಕೆಳಕ್ಕೆ ಬಾಗಿರುತ್ತವೆ. ಇದರಿಂದ ನೆಲ ಮುಟ್ಟುವ ಸ್ಪೋಕು ನೆಟ್ಟಗೆ ನಿಂತು ಭಾರ ಹೊರುತ್ತದೆ. ಮಾದರಿಯಲ್ಲಿ ಇದನ್ನು ಕೈಬಿಟ್ಟು ಚಪ್ಪಟೆ ಚಕ್ರ ಮಾಡಿದರೆ ಗಾಡಿ ಆಟಿಕೆಯಾಗಿಬಿಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಎತ್ತರಿಸುವ ತಿರುಪಿಗೆ ನಾನು ಬಳಸಿದ್ದು ಎಂ3 (3 ಮಿ.ಮೀ. ವ್ಯಾಸದ) ಮರೆ, ಅದು ಒಂದು ಸುತ್ತಿಗೆ 0.5 ಮಿ.ಮೀ. ಸಾಗುತ್ತದೆ. ಟ್ರನಿಯನ್‌ನಿಂದ 40 ಮಿ.ಮೀ. ಹಿಂದೆ ಅದು ನಳಿಗೆಯನ್ನು ಹೊತ್ತಿರುವುದರಿಂದ ಒಂದು ಸುತ್ತಿಗೆ ನಳಿಗೆ ಸುಮಾರು 0.7 ಡಿಗ್ರಿ ಏಳುತ್ತದೆ ಅಥವಾ ಇಳಿಯುತ್ತದೆ. ನಳಿಗೆ ಈ ತಿರುಪಿನ ಮೇಲೆ ತಾನಾಗಿ ಕೂರಬೇಕಾದರೆ ಬುಡದ ಕಡೆ ತೂಕ ತುಸು ಹೆಚ್ಚಿರಬೇಕು. ನಿಜವಾದ ಫಿರಂಗಿಗಳಲ್ಲಿಯೂ ಇದಕ್ಕಾಗಿಯೇ ಟ್ರನಿಯನ್‌ಗಳನ್ನು ಭಾರಕೇಂದ್ರಕ್ಕಿಂತ ಸ್ವಲ್ಪ ಮುಂದೆ ಇಡುತ್ತಿದ್ದರು. ಅಡ್ಡ ರಂಧ್ರ ಕೊರೆಯುವ ಮೊದಲು ನಳಿಗೆಯನ್ನು ಚೂರಿಯ ಬೆನ್ನಿನ ಮೇಲೆ ತೂಗಿ ಭಾರಕೇಂದ್ರ ಗುರುತಿಸಿಕೊಳ್ಳಬೇಕು. ಆದರೆ ಆಗ ಹಿಡಿಕೆಯೂ ಜೊತೆಗಿರುವುದರಿಂದ ಕೇಂದ್ರ ಇರಬೇಕಾದ್ದಕ್ಕಿಂತ ಹಿಂದೆ ಕಾಣುತ್ತದೆ. ಹಿಡಿಕೆಯ ತೂಕವನ್ನು ಲೆಕ್ಕಹಾಕಿ ಕಳೆದ ನಂತರವೇ ಟ್ರನಿಯನ್‌ಗಳ ಜಾಗವನ್ನು ಗೊತ್ತುಮಾಡಬೇಕು.