ಮುಂಬೈಗೆ ಬಂದ ವಿಕಲಚೇತನರ ಕುಟುಂಬಗಳಿಗೆ: ಸರ್ಕಾರದ ನೆರವು ಪಡೆಯುವ ಬಗೆ

ಊರಿನಲ್ಲಿ ಅಂಗವಿಕಲರ ಮಾಸಾಶನ ಪಡೆಯುತ್ತಿದ್ದವರು ಮುಂಬೈಗೆ ಬಂದೊಡನೆ ಕೇಳುವುದು, ಆ ಹಣ ಇಲ್ಲಿಯೂ ಸಿಗುತ್ತದೆಯೇ ಎಂದು. ಕೂಡಲೇ ಸಿಗುವುದಿಲ್ಲ. ಇಲ್ಲಿ ಮಾಸಾಶನ ಕೊಡುವ ಮಹಾರಾಷ್ಟ್ರ ಸರ್ಕಾರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಗೆ ಅರ್ಜಿ ಹಾಕುವವರು ಈ ರಾಜ್ಯದಲ್ಲಿ ಕನಿಷ್ಠ 15 ವರ್ಷ ವಾಸವಾಗಿರಬೇಕು. ಮೇಲಾಗಿ ಅದರ ವರಮಾನ ಮಿತಿ ಎಷ್ಟು ಕಡಿಮೆಯೆಂದರೆ, ಹೋಟೆಲಿನಲ್ಲಿ ದುಡಿಯುವ ಒಬ್ಬರ ಸಂಬಳವೇ ಅದನ್ನು ದಾಟಿಬಿಡುತ್ತದೆ. ಆದ್ದರಿಂದ "ಮಾಡಿಸಿಕೊಡುತ್ತೇನೆ" ಎನ್ನುವ ದಲ್ಲಾಳಿಗಳ ಕೈಗೆ ದುಡ್ಡು ಕೊಡಬೇಡಿ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಮಕ್ಕಳ ಶಾಲೆಯ ಕಾಗದಗಳನ್ನು ಮಾತ್ರ ಬಂದ ದಿನದಿಂದಲೇ ಜೋಪಾನ ಮಾಡಿ. ಮುಂದೆ ವಾಸವನ್ನು ರುಜುವಾತುಪಡಿಸುವುದು ಅವೇ.

ಹೊಸಬರಿಗೆ ನಿಜವಾಗಿ ಕೈಹಿಡಿಯುವುದು ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಕರ್ನಾಟಕದಲ್ಲಿ ಪಡೆದದ್ದಾದರೂ ಅದು ದೇಶದಾದ್ಯಂತ ಮಾನ್ಯ. ಇಲ್ಲದವರು ಸ್ವಾವಲಂಬನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಿ, ಸೂಚಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದು, ಅವುಗಳಲ್ಲಿ ಥಲಸೀಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಕಾಯಿಲೆಗಳೂ ಇವೆ. ಕಾಯಿಲೆಯೆಂದರೆ ವೈಕಲ್ಯವಲ್ಲ ಎಂದು ನಮ್ಮವರೆಷ್ಟೋ ಮಂದಿ ಅರ್ಜಿಯನ್ನೇ ಹಾಕದಿರುವುದು ನನಗೆ ಬಹಳ ನೋವಿನ ಸಂಗತಿ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40 ವೈಕಲ್ಯ ಬೇಕು.

ಅರ್ಜಿಯಲ್ಲಿ ಹೆಸರಿನ ಬಗ್ಗೆ ವಿಶೇಷ ಎಚ್ಚರವಿರಲಿ. ನನ್ನ ತಮ್ಮನ ಆಧಾರ್‌ನಲ್ಲಿ ಹೆಸರಿನ ಮುಂದೆ ಒಂದು ಇನಿಶಿಯಲ್ ಮಾತ್ರ ಇತ್ತು. ಕೌಂಟರಿನಲ್ಲಿ ಗುಮಾಸ್ತರು "ಆಡನಾಂವ್ ಕಾಯ್?" ಎಂದು ಅಡ್ಡಹೆಸರು, ಅಂದರೆ ಮನೆತನದ ಹೆಸರು, ಕೇಳಿದಾಗ ನಾವು ಒಂದು ಫಾರಂನಲ್ಲಿ ತಂದೆಯ ಹೆಸರನ್ನೂ ಇನ್ನೊಂದರಲ್ಲಿ ಊರಿನ ಹೆಸರನ್ನೂ ಬರೆಸಿದೆವು, ಎರಡು ಬಾರಿ ಅರ್ಜಿ ಹಿಂದಿರುಗಿ ಮೂರು ತಿಂಗಳು ವ್ಯರ್ಥವಾಯಿತು. ಆಧಾರ್, ಬ್ಯಾಂಕ್ ಪಾಸ್‌ಬುಕ್, ವೈದ್ಯಕೀಯ ಕಾಗದ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಆಗುವಂತೆ ಮೊದಲೇ ತಿದ್ದಿಸಿಕೊಳ್ಳಿ. ಇಲ್ಲಿನ ಕಚೇರಿಗಳ ಫಲಕಗಳಲ್ಲಿ ವಿಕಲಚೇತನರಿಗೆ "ದಿವ್ಯಾಂಗ" ಎಂಬ ಪದವಿರುತ್ತದೆ, ಅದನ್ನು ಹುಡುಕಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಅಥವಾ ಬಹುವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನಿರಾಮಯ ವಿಮೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಭರಿಸುತ್ತದೆ, ಥೆರಪಿಯೂ ಇದರಲ್ಲಿ ಸೇರಿದೆ. ಇದಕ್ಕೆ ವರಮಾನದ ಮಿತಿಯಿಲ್ಲ, 15 ವರ್ಷದ ಷರತ್ತೂ ಇಲ್ಲ. ಆದ್ದರಿಂದ ಇಂಥ ಮಕ್ಕಳ ತಂದೆತಾಯಂದಿರು ತಡಮಾಡಬಾರದು.

ಸಂಬಳದವರು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದರೆ, 80ಯು ಎಂದು ರೂಢಿಯಾಗಿರುವ ಆದಾಯ ತೆರಿಗೆ ಕಡಿತದಲ್ಲಿ ತಮ್ಮ ವೈಕಲ್ಯಕ್ಕೆ 75,000, ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿಯನ್ನು ತೆರಿಗೆ ಬೀಳುವ ವರಮಾನದಿಂದ ಕಳೆಯಬಹುದು. ವಿಕಲಚೇತನ ಅವಲಂಬಿತರಿಗಾಗಿ 80ಡಿಡಿ ಕಡಿತ ಇದೆ. ಕ್ಯಾನ್ಸರ್, ಮೂತ್ರಪಿಂಡ ವೈಫಲ್ಯದಂಥ ಕಾಯಿಲೆಗಳ ಖರ್ಚಿಗೆ 80ಡಿಡಿಬಿಯನ್ನು ನೋಡಿ, ತಜ್ಞ ವೈದ್ಯರ ಬರಹವನ್ನು ಇಟ್ಟುಕೊಳ್ಳಿ.

ಕೆಲವು ಪ್ರಮಾಣಪತ್ರಗಳು ತಾತ್ಕಾಲಿಕವಾಗಿರುತ್ತವೆ. ಕಾರ್ಡು ಕೈಗೆ ಬಂದ ದಿನವೇ ಅದರ ಅವಧಿ ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆರು ತಿಂಗಳು ಮುಂಚಿತವಾಗಿ ನವೀಕರಣಕ್ಕೆ ಓಡಾಟ ಆರಂಭಿಸಿ.